ಎರಡು ಬೇಸಿಗೆ ಕಂಡ ಹೆಬ್ಬೆರಳು ಕ್ಯಾಮರಾ: ಬಾಗಲಕೋಟೆ ಬಿಸಿಲಿಗೆ ಇದು ತಡೆಯುತ್ತದಾ?

ಮ್ಯಾಗ್ನೆಟ್‌ನಿಂದ ಎದೆ ಮೇಲೆ ಅಂಟಿಸಿಕೊಳ್ಳುವ, ಹೆಬ್ಬೆರಳಿನಷ್ಟೇ ಇರುವ ಈ ವಿಡಿಯೋ ಕ್ಯಾಮರಾ ತಗೊಳ್ಳಬೇಕು ಅಂದುಕೊಂಡಿರುವ ಹೆಣ್ಣುಮಕ್ಕಳಿಗೆ ಮೊದಲ ಮಾತು. ತಾಳಿಸರಕ್ಕೆ ಪಿನ್ನು ಸಿಗಿಸಿಕೊಳ್ಳುವ ಅಭ್ಯಾಸ ಇದ್ದರೆ ಮನೆಯಲ್ಲೇ ತೆಗೆದಿಟ್ಟು ಹೊರಡಿ. ಕೊರಳಿಗೆ ಹಾಕಿಕೊಳ್ಳುವ ಮ್ಯಾಗ್ನೆಟ್ ಪದಕ ಅಷ್ಟು ಜೋರಾಗಿದೆ. ಪದಕ ಕುರ್ತಾ ಒಳಗೆ, ಕ್ಯಾಮರಾ ಹೊರಗೆ, ನಡುವೆ ಬಟ್ಟೆ. ಇದು ಇದರ ಪದ್ಧತಿ. ಒಳಗೆ ಪಿನ್ನುಗಳಿದ್ದರೆ ಎಲ್ಲವೂ ಹೋಗಿ ಪದಕಕ್ಕೆ ಅಂಟಿಕೊಳ್ಳುತ್ತವೆ. ಕ್ಯಾಮರಾ ಸರಿಯಾಗಿ ಕೂರದೆ ಒಂದು ಪಕ್ಕಕ್ಕೆ ವಾಲುತ್ತದೆ. ಯಾವ ವಿಮರ್ಶೆಯಲ್ಲೂ ಈ ವಿಷಯ ನನಗೆ ಕಾಣಲಿಲ್ಲ. ನಾನು ನೋಡಿದ ವಿಮರ್ಶೆಗಳೆಲ್ಲ ಟೀ ಶರ್ಟ್ ಹಾಕಿದ ಹುಡುಗರವು. ಅವರಿಗೆ ಹೇಗೆ ಗೊತ್ತಾಗಬೇಕು ಹೇಳಿ.

ಎರಡನೇ ಶತ್ರು ವೇಲ್. ಐಹೊಳೆಯ ದುರ್ಗ ಗುಡಿ ಗೊತ್ತಲ್ಲ, ಗರ್ಭಗುಡಿಯ ಹಿಂಬದಿ ಅರ್ಧವೃತ್ತವಾಗಿ ತಿರುಗುತ್ತದೆ. ಆ ಕಂಬಗಳ ಸಾಲಿನಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿ ಬಂದು ವಿಡಿಯೋ ನೋಡಿದರೆ, ಅರ್ಧ ಪರದೆ ತುಂಬ ನನ್ನ ಹಸಿರು ವೇಲಿನ ಅಂಚು. ಈಗ ವೇಲಿನ ಎರಡೂ ತುದಿ ಬೆನ್ನ ಹಿಂದೆ ಬಿಟ್ಟು ಗಂಟು ಹಾಕಿಕೊಳ್ಳುತ್ತೇನೆ. ನೋಡುವವರಿಗೆ ಕೆಲಸಕ್ಕೆ ಹೊರಟ ಹಾಗೆ ಕಾಣುತ್ತದೆ. ಕಾಣಲಿ ಬಿಡಿ.

ಮೆಗಾಪಿಕ್ಸೆಲ್, ಫ್ರೇಮ್ ರೇಟ್ ಎಲ್ಲ ನೀವು ಆಗಲೇ ನೋಡಿರುತ್ತೀರಿ. ಅದನ್ನು ಮತ್ತೆ ಬರೆಯುವುದಿಲ್ಲ. ಹೆಬ್ಬೆರಳಿನಷ್ಟು ಉದ್ದ, ತೂಕ 40 ಗ್ರಾಂ ಆಸುಪಾಸು, ಎದೆ ಮೇಲೆ ಇದೆ ಅನ್ನುವುದೇ ಮರೆತುಹೋಗುತ್ತದೆ. ಅಷ್ಟು ಸಾಕು. ಕಂಪನಿ ಹೆಸರೂ ಹೇಳುವುದಿಲ್ಲ. ಈ ಅಳತೆಯ ಕ್ಯಾಮರಾಗಳ ಹಣೆಬರಹ ಹೆಚ್ಚುಕಡಿಮೆ ಒಂದೇ, ಯಾಕೆ ಅಂತ ಮುಂದೆ ಬರುತ್ತದೆ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ವಾರಪೂರ್ತಿ ಕೆಲಸ, ಭಾನುವಾರ ಒಬ್ಬಳೇ ಊರು ಸುತ್ತುವುದು. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ಹೋಯಿತು. ಬಾದಾಮಿ, ಪಟ್ಟದಕಲ್ಲು, ಕೂಡಲಸಂಗಮ, ಎಲ್ಲಿಗೆ ಬೇಕಾದರೂ ಆಧಾರ್ ಕಾರ್ಡ್ ತೋರಿಸಿ ಕೂತರಾಯಿತು. ಹೀಗೆ ಉಳಿದ ದುಡ್ಡು, ಮೇಲೆ ಚೀಟಿ ಎತ್ತಿದ ದುಡ್ಡು ಸೇರಿ ಈ ಕ್ಯಾಮರಾ ಆಯಿತು. ಮೂವತ್ತು ಸಾವಿರದ ಹತ್ತಿರ. "ಆ ರೊಕ್ಕಕ್ಕ ಚಲೋ ಇಳಕಲ್ ಸೀರಿ ಬರತಿತ್ತು, ಅದೂ ಕಸೂತಿ ಹಾಕಿದ್ದು" ಅಂತ ನಮ್ಮವ್ವ ಇವತ್ತಿಗೂ ಹೇಳುತ್ತಾಳೆ. ಅವಳ ಲೆಕ್ಕ ತಪ್ಪು ಅಂತ ನಾನೂ ವಾದ ಮಾಡಿಲ್ಲ.

ಫೋನ್ ಇರುವಾಗ ಇದು ಯಾಕೆ? ಒಬ್ಬಳೇ ಹೆಣ್ಣುಮಗಳು ಬಸ್ ಸ್ಟ್ಯಾಂಡಿನಲ್ಲಿ ಸೆಲ್ಫಿ ಸ್ಟಿಕ್ ಎತ್ತಿ ಹಿಡಿದು ನೋಡಲಿ. ಸುತ್ತ ಇರುವವರೆಲ್ಲ ತಿರುಗುತ್ತಾರೆ. "ಯಾರ ಜೋಡಿ ಬಂದೀರಿ? ಚಾನೆಲ್‌ನವರೇನು?" ಶುರುವಾಗುತ್ತದೆ. ಎದೆ ಮೇಲಿನ ಬಟನ್‌ನಂಥ ವಸ್ತುವನ್ನು ಯಾರೂ ನೋಡುವುದಿಲ್ಲ. ಮತ್ತೆ ಎರಡೂ ಕೈ ಖಾಲಿ. ಇದರ ಬೆಲೆ ಗೊತ್ತಾಗಬೇಕಾದರೆ ಬಾದಾಮಿಯ ಉತ್ತರದ ಬೆಟ್ಟ ಹತ್ತಬೇಕು. ಎರಡು ಕಡೆ ಕೆಂಪು ಬಂಡೆ, ನಡುವೆ ಇಕ್ಕಟ್ಟಾದ ದಾರಿ, ಎತ್ತರದ ಮೆಟ್ಟಿಲು. ಕೈ ಊರಿಯೇ ಹತ್ತಬೇಕು. ಮೇಲೆ ಕೂತ ಮಂಗಗಳಿಗೆ ಕೈಯಲ್ಲಿ ಹಿಡಿದಿದ್ದರ ಮೇಲೆಯೇ ಕಣ್ಣು. ನನ್ನ ಕೈಯಲ್ಲಿ ಏನೂ ಇಲ್ಲ, ಹಾಗಾಗಿ ನನ್ನ ಗೊಡವೆಗೂ ಅವು ಬರುವುದಿಲ್ಲ. ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಬೇರೆ ಅನುಮತಿ ಬೇಕು, ಆ ರಗಳೆಯೂ ಇಲ್ಲ.

ಆದರೆ ನನಗೆ ಇದು ನಿಜವಾಗಿ ಹಿಡಿಸಿದ್ದು ಬನಶಂಕರಿಯಲ್ಲಿ. ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುವ ರೊಟ್ಟಿ ಅಜ್ಜಿಯರನ್ನು ನೋಡಿದ್ದೀರಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೆಂಪು ಚಟ್ನಿ, ಕುಡಿಕೆಯಲ್ಲಿ ಗಟ್ಟಿ ಮೊಸರು. ಬಾದಾಮಿ ಕಡೆ ಹೋದಾಗಲೆಲ್ಲ ಮಧ್ಯಾಹ್ನದ ಊಟ ಅಲ್ಲೇ. ಮರದ ಬುಡಕ್ಕೆ ಒರಗಿ ಕೂತು, ಬಟನ್ ಒಮ್ಮೆ ಒತ್ತಿ, ಆಮೇಲೆ ಅದರ ವಿಚಾರ ಬಿಟ್ಟು ಉಣ್ಣುತ್ತೇನೆ. ರಾತ್ರಿ ಮನೆಯಲ್ಲಿ ನೋಡಿದರೆ ಪರದೆ ಮೇಲೆ ಇರುವುದು ನನ್ನವೇ ಎರಡು ಕೈ. ರೊಟ್ಟಿ ಮುರಿಯುವುದು, ಚಟ್ನಿ ಮೇಲೆ ಮೊಸರು ಸುರಿದುಕೊಳ್ಳುವುದು, ಹೆಬ್ಬೆರಳಿನಿಂದ ಕಲಸುವುದು. ಪಕ್ಕದಿಂದ ಅಜ್ಜಿಯ ಕೈ ಬಂದು ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿ ಹೋಗುತ್ತದೆ. ಫೋನ್ ಹಿಡಿದು ಇದನ್ನು ತೆಗೆಯೋಕೆ ಆಗಲ್ಲ. ಒಂದು ಕೈಯಲ್ಲಿ ಫೋನ್, ಒಂದು ಕೈಯಲ್ಲಿ ರೊಟ್ಟಿ ಹಿಡಿದರೆ ಎರಡೂ ಕೆಡುತ್ತವೆ.

ಒಮ್ಮೆ ಅಜ್ಜಿ ಕ್ಯಾಮರಾ ನೋಡಿಬಿಟ್ಟಳು. "ಏನವಾ ಅದು ಕೊಳ್ಳಾಗ? ತಾಯತ ಏನು?"

"ಅಲ್ಲಬೇ ಯಮ್ಮಾ, ಕ್ಯಾಮರಾ."

"ಇಷ್ಟ ಸಣ್ಣದಾ? ನಾ ಬಂದೀನೇನು ಅದರಾಗ?"

ಹೂಂ, ಬಂದಿದ್ದೀ ಅಂದೆ. ಫೋನಿನಲ್ಲಿ ತೋರಿಸಿದೆ. ತನ್ನ ಕೈ ನೋಡಿ ನಕ್ಕಳು. ಆಮೇಲೆ ಸೆರಗು ಸರಿಮಾಡಿಕೊಂಡು, ಮೇಲಿನ ಸೀದುಹೋದ ರೊಟ್ಟಿ ಒಳಗೆ ಸರಿಸಿ, "ಈಗ ತಗೀ" ಅಂದಳು. ಅಂದಿನಿಂದ ನಾನೊಂದು ನಿಯಮ ಇಟ್ಟುಕೊಂಡಿದ್ದೇನೆ. ಯಾರದಾದರೂ ಮುಖ ಬರುವ ಹಾಗಿದ್ದರೆ ಮೊದಲೇ ಹೇಳುತ್ತೇನೆ. ರೆಕಾರ್ಡ್ ಆಗುವಾಗ ಸಣ್ಣ ಲೈಟ್ ಉರಿಯುತ್ತದೆ ನಿಜ, ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಅದು ಯಾರಿಗೆ ಕಾಣಬೇಕು? ಯಾರೂ ಗಮನಿಸದಷ್ಟು ಸಣ್ಣದಾಗಿರುವುದು ನನಗೆ ಅನುಕೂಲ, ಎದುರಿನವರಿಗೆ ಅಲ್ಲ. ಗುಡಿ ಒಳಗೆ ಹೋಗುವಾಗ ತೆಗೆದು ಪರ್ಸಿಗೆ ಹಾಕಿಬಿಡುತ್ತೇನೆ.

ಇಲ್ಲಿವರೆಗೆ ಹೊಗಳಿದ್ದಾಯಿತು. ಇನ್ನು ಬಿಸಿಲಿನ ಕಥೆ.

ಚಳಿಗಾಲದಲ್ಲಿ ತಗೊಂಡಿದ್ದರಿಂದ ಮೊದಲ ಕೆಲವು ತಿಂಗಳು ಏನೂ ಗೊತ್ತಾಗಲಿಲ್ಲ. ಮಾರ್ಚ್ ಕೊನೆಗೆ ಶುರುವಾಯಿತು. ಐಹೊಳೆಯಲ್ಲಿ ಮೇಗುತಿ ಗುಡಿ ಇರುವ ಬೆಟ್ಟ ಹತ್ತಿ, ಆ ಶಾಸನದ ಮುಂದೆ ನಿಲ್ಲುವವರೆಗೆ ಒಂದೇ ವಿಡಿಯೋ ಮಾಡಬೇಕು ಅಂತ ನನಗೆ ಆಸೆ. ರವಿಕೀರ್ತಿಯ ಶಾಸನ, ಕ್ರಿ.ಶ. 634ರದ್ದು. ಇಮ್ಮಡಿ ಪುಲಕೇಶಿ ಹರ್ಷನನ್ನು ಗೆದ್ದದ್ದು ಇರುವುದು ಇದರಲ್ಲೇ, ಕಾಳಿದಾಸ, ಭಾರವಿಯರ ಹೆಸರು ಬರುವುದೂ ಇದರಲ್ಲೇ. ಮೆಟ್ಟಿಲು ಹತ್ತಿದೆ. ಏದುಸಿರು ಬಿಡುತ್ತ ಗೋಡೆ ಹತ್ತಿರ ಬಂದೆ. ಎದೆ ಮೇಲೆ ಟುಣ್ ಅಂತ ಸದ್ದು. ಕ್ಯಾಮರಾ ಆಫ್. ಮುಟ್ಟಿದರೆ ಬೆರಳು ಹಿಂದಕ್ಕೆ ತೆಗೆಯುವಷ್ಟು ಬಿಸಿ. ವಿಡಿಯೋದಲ್ಲಿ ಇರುವುದು ಬರೀ ಮೆಟ್ಟಿಲು ಮತ್ತು ನನ್ನ ಏದುಸಿರು.

ಇದು ನನ್ನ ಪೀಸ್ ಒಂದರ ದೋಷ ಅಲ್ಲ. ಯೋಚನೆ ಮಾಡಿ. ಇಷ್ಟು ಸಣ್ಣ ಮೈಯೊಳಗೆ ಚಿಪ್, ಸೆನ್ಸರ್, ಬ್ಯಾಟರಿ ಎಲ್ಲ ಒತ್ತೊತ್ತಾಗಿ ತುಂಬಿದ್ದಾರೆ. ಫ್ಯಾನ್ ಇಡಲು ಜಾಗ ಇಲ್ಲ. ಒಳಗಿನ ಬಿಸಿ ಮೈ ಮೂಲಕವೇ ಗಾಳಿಗೆ ಹೋಗಬೇಕು, ಆ ಮೈಯೇ ಇಷ್ಟಗಲ. 4ಕೆ, ಅಂದರೆ ತುಂಬ ಸ್ಪಷ್ಟವಾದ ವಿಡಿಯೋ ಹಾಕಿದರೆ ಚಿಪ್ಪಿಗೆ ಕೆಲಸ ಜಾಸ್ತಿ, ಬಿಸಿಯೂ ಜಾಸ್ತಿ. ಅದರ ಬೆನ್ನಿಗೆ ಅಂಟಿಕೊಂಡಿರುವುದು ನನ್ನ ಎದೆ, ಅದೂ ಬೆಚ್ಚಗೇ. ಡಬ್ಬಿಯ ಕಾಗದದಲ್ಲಿ 40 ಡಿಗ್ರಿವರೆಗೆ ಬಳಸಬಹುದು ಅಂತ ಇದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಲ್ಲೇ 40 ದಾಟುತ್ತದೆ, ಬಂಡೆ ಮೇಲಿನ ಬಿಸಿಲು ಬಿಡಿ. ಕಂಪನಿಗೆ ಬರೆದೆ. "ತಂಪಾದ, ಗಾಳಿಯಾಡುವ ಜಾಗದಲ್ಲಿ ಬಳಸಿ" ಅಂತ ಉತ್ತರ ಬಂತು. ಮೇ ತಿಂಗಳ ಬಾಗಲಕೋಟೆಯಲ್ಲಿ ಆ ಜಾಗ ಎಲ್ಲಿದೆ ಅಂತ ಅವರೇ ಹೇಳಿದ್ದರೆ ನಾವೂ ಅಲ್ಲಿಗೇ ಹೋಗಿ ಕೂರುತ್ತಿದ್ದೆವು.

ಉಪಾಯ ಹುಡುಕುತ್ತ ಹೋದೆ. 4ಕೆ ಬಿಟ್ಟು ಅದಕ್ಕಿಂತ ಸ್ಪಷ್ಟತೆ ಕಡಿಮೆ ಇರುವ 1080ಕ್ಕೆ ಇಳಿಸಿದರೆ ಸ್ವಲ್ಪ ಹೊತ್ತು ಜಾಸ್ತಿ ತಡೆಯುತ್ತದೆ. ಒಂದೊಂದು ನಿಮಿಷದ ತುಣುಕು ತೆಗೆದು ನಡುವೆ ಆಫ್ ಮಾಡಿಟ್ಟರೆ ಇನ್ನೂ ವಾಸಿ. ಹತ್ತಿ ಕರ್ಚೀಫು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಕ್ಯಾಮರಾ ಸುತ್ತ ಸುತ್ತಿ ಕೈಯಲ್ಲಿ ಹಿಡಿದು ನಡೆದರೆ ಬೇಗ ತಣ್ಣಗಾಗುತ್ತದೆ. ಫ್ರಿಜ್‌ನಲ್ಲಿ ಇಟ್ಟು ಒಯ್ಯುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ. ಹೊರಗಿನ ಬಿಸಿ ಗಾಳಿಗೆ ಬಂದ ಕೂಡಲೇ ಲೆನ್ಸ್ ಒಳಗೆ ನೀರಿನ ಹಬೆ ಕಟ್ಟುವ ಭಯ ಇದೆ. ಇಷ್ಟೆಲ್ಲ ಮಾಡುವಷ್ಟರಲ್ಲಿ ಊರು ನೋಡಲು ಬಂದದ್ದಾ, ಕ್ಯಾಮರಾದ ಬಾಣಂತನ ಮಾಡಲು ಬಂದದ್ದಾ ಅಂತ ಅನ್ನಿಸಿಬಿಡುತ್ತದೆ. ಮಾರಿಬಿಡೋಣ ಅಂತ ಫೋಟೋ ಕೂಡ ತೆಗೆದಿಟ್ಟಿದ್ದೆ.

ಉಳಿಸಿದ್ದು ವಿಜಯಪುರ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗಲೇ ಒಂದು ವಿಷಯ ಗೊತ್ತಾಯಿತು. ಕೊರ್ತಿ ಕೊಲ್ಹಾರ ಸೇತುವೆ ಮೇಲೆ ಕೃಷ್ಣೆಯ ಹಿನ್ನೀರಿನ ಗಾಳಿ ಬೀಸುವಾಗ, ಕಿಟಕಿಯ ಸರಳಿಗೆ ಅಂಟಿಸಿದ ಕ್ಯಾಮರಾ ಒಮ್ಮೆಯೂ ನಿಲ್ಲಲಿಲ್ಲ. ಗಾಳಿ ಮೈಗೆ ತಾಕುತ್ತಿದ್ದರೆ ಇದಕ್ಕೆ ಕಷ್ಟವಿಲ್ಲ. ಮ್ಯಾಗ್ನೆಟ್ ಕಬ್ಬಿಣದ ಸರಳಿಗೆ ಸೀದಾ ಹಿಡಿದುಕೊಳ್ಳುತ್ತದೆ. ಆದರೂ ದಾರ ಕಟ್ಟಿ, ಅದನ್ನು ಕೈಗೆ ಸುತ್ತಿಕೊಳ್ಳಿ. ನಮ್ಮ ರಸ್ತೆಗಳ ಹಂಪ್ ನಿಮಗೂ ಗೊತ್ತು.

ಗೋಳಗುಮ್ಮಟದ ಒಳಗೆ ಕಾಲಿಟ್ಟರೆ ದಪ್ಪ ಗೋಡೆಯ ನೆರಳು, ತಂಪು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಬೇಕು, ಶಾಲೆ ಮಕ್ಕಳ ಬಸ್ಸು ಬಂದರೆ ಬರೀ ಕೂಗು. ಮೂಲೆಯ ಗೋಪುರದೊಳಗಿನ ಮೆಟ್ಟಿಲು ಇಕ್ಕಟ್ಟು, ಇಲ್ಲೂ ಕೈ ಖಾಲಿ ಇರಬೇಕು. 1656ರಲ್ಲಿ ಮುಗಿದ ಕಟ್ಟಡ, ಗುಮ್ಮಟದ ಹೊರ ಅಗಲವೇ 44 ಮೀಟರ್. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಅದು ಮತ್ತೆ ಮತ್ತೆ ಕೇಳಿಸಿತು. ಕೆಳಗೆ ಬಂದು ವಿಡಿಯೋ ಹಾಕಿದರೆ ಒಂದೇ ಚಪ್ಪಾಳೆ! ಆಮೇಲೆ ಬರೀ ಮೌನ. ಮಾತು ಸ್ಪಷ್ಟ ಕೇಳಲಿ ಅಂತ ಇದರಲ್ಲಿ ಒಂದು ಸೆಟ್ಟಿಂಗ್ ಮೊದಲೇ ಆನ್ ಆಗಿರುತ್ತದೆ. ಅದು ಪ್ರತಿಧ್ವನಿಯನ್ನೂ ಗಲಾಟೆ ಅಂದುಕೊಂಡು ಒರೆಸಿ ಹಾಕಿದೆ. ಗೋಳಗುಮ್ಮಟಕ್ಕೆ ಬಂದವರು ಕೇಳಲಿಕ್ಕೆ ಬಂದದ್ದೇ ಅದನ್ನು, ಅಲ್ವಾ?

ಸೌಂಡ್ ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆದು ಸ್ಟೀರಿಯೋ ಮಾಡಿ ಮತ್ತೆ ಹತ್ತಿದೆ. ಗೋಡೆಗೆ ಒರಗಿ ಸುಮ್ನೆ ಕೂತೆ. ಎದುರು ಬದಿಯಲ್ಲಿ ಒಬ್ಬ ಹುಡುಗ ಗೋಡೆಗೆ ಬಾಯಿ ಹಚ್ಚಿದ್ದ, ಅವನ ಅಜ್ಜ ನನ್ನ ಪಕ್ಕದಲ್ಲಿ. ಗೋಡೆಯಿಂದ ಪಿಸುಮಾತು ಬಂತು: "ಅಜ್ಜಾ, ಐಸ್ಕ್ರೀಮ್ ಕೊಡಸ್ತೀ?" ಅಜ್ಜ ಗೋಡೆಗೆ ಬಾಯಿ ಕೊಟ್ಟು ಅಷ್ಟೇ ಮೆಲ್ಲಗೆ, "ಮೊದಲ ಕೆಳಗ ಇಳೀ ಮಗನ" ಅಂದ. ಎರಡೂ ನನ್ನ ವಿಡಿಯೋದಲ್ಲಿ ಇವೆ. ಅಜ್ಜನನ್ನು ಕೇಳಿ ಇಟ್ಟುಕೊಂಡೆ. ಚಿತ್ರ ಕತ್ತಲೆ, ಕಾಳು ಕಾಳಾಗಿದೆ. ಸೆನ್ಸರ್ ಸಣ್ಣದು, ಬೆಳಕು ಕಡಿಮೆ ಇದ್ದರೆ ಹಾಗೇ. ನನಗೆ ಬೇಕಾದ್ದು ಧ್ವನಿ, ಅದು ಸಿಕ್ಕಿತು. ಮಾರಾಟದ ಫೋಟೋ ಅಲ್ಲೇ ಡಿಲೀಟ್ ಮಾಡಿದೆ.

ಈಗ ಬೇಸಿಗೆಯಲ್ಲಿ ನನ್ನ ತಿರುಗಾಟ ಬದಲಾಗಿದೆ. ಬೆಳಿಗ್ಗೆ ಒಂಬತ್ತರೊಳಗೆ ಬಯಲು, ಆಮೇಲೆ ಇಬ್ರಾಹಿಂ ರೋಜಾದಂಥ ನೆರಳಿನ ಜಾಗ, ಹೊತ್ತೇರಿದ ಮೇಲೆ ಕ್ಯಾಮರಾ ಪರ್ಸಿನಲ್ಲಿ. ಮೇಗುತಿ ಬೆಟ್ಟವನ್ನು ಡಿಸೆಂಬರ್‌ನಲ್ಲಿ ಹತ್ತಿ ಒಂದೇ ಓಟದಲ್ಲಿ ತೆಗೆದೆ. ವಾಪಸ್ ಬರುವಾಗ ಬಸ್ಸಿನಲ್ಲೇ ಪವರ್ ಬ್ಯಾಂಕಿಗೆ ಹಾಕಿ, ಫೋನಿಗೆ ವಿಡಿಯೋ ಎಳೆದುಕೊಂಡು, ಬೇಡದ್ದನ್ನು ಅಳಿಸುತ್ತ ಬರುವುದು ನನಗೆ ಖುಷಿಯ ಕೆಲಸ. ಅಮೀನಗಡದಲ್ಲಿ ಕರದಂಟು ತಗೊಂಡಿದ್ದರೆ ಒಂದು ತುಂಡು ಬಾಯಲ್ಲಿ. ಅಂಟು ಬೆರಳಿನಲ್ಲಿ ಲೆನ್ಸ್ ಮಾತ್ರ ಮುಟ್ಟಬೇಡಿ.

ಮಳೆಗಾಲದಲ್ಲಿ ದೂರು ಕಡಿಮೆ. ಘಟಪ್ರಭೆ ತುಂಬಿದಾಗ ಗೋಕಾಕ ಫಾಲ್ಸ್ ಹತ್ತಿರ ತುಂತುರಿನಲ್ಲಿ ನೆನೆದರೂ ಏನೂ ಆಗಲಿಲ್ಲ. ಲೆನ್ಸ್ ಮೇಲಿನ ಹನಿ ಒರೆಸುತ್ತಿರಬೇಕು, ಮೈಕಿಗೆ ನೀರು ಹೋದರೆ ಸದ್ದು ಸ್ವಲ್ಪ ಹೊತ್ತು ಮಂಕಾಗುತ್ತದೆ, ಅಷ್ಟೇ.

ಹಾಗಾದರೆ ತಗೊಳ್ಳಬೇಕಾ? ಬೆಳಗಾವಿ, ಖಾನಾಪುರ ಕಡೆ ಕಾಡು, ಮಳೆ ಅಂತ ತಿರುಗುವವರು ಯೋಚಿಸದೆ ತಗೊಳ್ಳಿ. ನಮ್ಮ ಕಡೆಯವರು ಬೇಸಿಗೆ ರಜೆಗೆ ಅಂತ ಮಾತ್ರ ತಗೊಳ್ಳುವುದಾದರೆ ಬೇಡ, ಫೋನೇ ಸಾಕು. ವರ್ಷಪೂರ್ತಿ ತಿರುಗುವವರಾದರೆ ದಸರಾ, ದೀಪಾವಳಿ ಆಫರ್‌ವರೆಗೆ ಕಾಯಿರಿ. ಹತ್ತಿರದಲ್ಲಿ ಸರ್ವಿಸ್ ಇಲ್ಲ, ಕೆಟ್ಟರೆ ಕೊರಿಯರ್ ಮಾಡಬೇಕು. ಅದಕ್ಕೆ ಲೆನ್ಸ್ ಗಾರ್ಡ್ ಒಂದು ಹೆಚ್ಚಿಗೆ ಇರಲಿ. ಮೆಮೊರಿ ದೊಡ್ಡದನ್ನೇ ಆರಿಸಿ. ನನ್ನದರಲ್ಲಿ ಕಾರ್ಡ್ ಹಾಕಲು ಜಾಗವೇ ಇಲ್ಲ, ತುಂಬಿದ ಮೇಲೆ ಬನಶಂಕರಿ ಜಾತ್ರೆಯ ನಡುವೆ ನಿಂತು ಯಾವುದನ್ನು ಅಳಿಸಲಿ ಅಂತ ಹುಡುಕುತ್ತ ಕೂರಬೇಕಾಗುತ್ತದೆ.