ಗ್ರೇಟ್ ಗ್ಯಾಟ್ಸ್‌ಬಿ ನೋಟ್ಸ್ ಎಡಿಷನ್: ಕಾದಂಬರಿಗೆ ಐದು ಸ್ಟಾರ್, ನೋಟ್ಸ್‌ಗೆ ಎರಡೇ

ಪೇಪರ್ ಪರವಾಗಿಲ್ಲ, ಬೈಂಡಿಂಗ್ ಗಟ್ಟಿಯಾಗಿದೆ, ಅಕ್ಷರ ಮಾತ್ರ ಸಣ್ಣದಾಯ್ತು. 2021ಕ್ಕೆ ಅಮೆರಿಕದಲ್ಲಿ ಇದರ ಕಾಪಿರೈಟ್ ಮುಗೀತಲ್ಲ, ಆಮೇಲೆ ಯಾರ್ ಬೇಕಾದ್ರೂ ಪ್ರಿಂಟ್ ಹಾಕ್ಬಹುದು ಅಂತಾಗಿ ಸಾಲುಸಾಲು ಎಡಿಷನ್ ಬಂದ್ವು, ಇದೂ ಅದರಲ್ಲೊಂದು. ಹಿಂದುಗಡೆ ಸ್ಟೂಡೆಂಟ್ಸ್‌ಗೆ ಅಂತ ನೋಟ್ಸ್ ಹಾಕಿದಾರೆ, ನಾನು ತಗೊಂಡಿದ್ದೇ ಅದಕ್ಕೋಸ್ಕರ.

ನೋಟ್ಸ್ ತೆಗೆದ್ರೆ ಎಲ್ಲಿ ನೋಡಿದ್ರೂ ಅಮೆರಿಕನ್ ಡ್ರೀಮ್ ಸೋತುಹೋಯ್ತು, ಅಮೆರಿಕನ್ ಡ್ರೀಮ್ ಸೋತುಹೋಯ್ತು, ಇದೇ ಪಾಠ (ಅಮೆರಿಕನ್ ಡ್ರೀಮ್ ಅಂದ್ರೆ ಕಷ್ಟಪಟ್ರೆ ಅಲ್ಲಿ ಯಾರ್ ಬೇಕಾದ್ರೂ ಮೇಲೆ ಬರಬಹುದು ಅನ್ನೋ ನಂಬಿಕೆ). ಯಾರಿಗೆ ಸೋತಿತು, ಯಾರು ಸೋಲಿಸಿದ್ರು ಅನ್ನೋದರ ಸುದ್ದೀನೇ ಇಲ್ಲ. ಕಾದಂಬರಿ ಬರೆದ ಫಿಟ್ಸ್‌ಜೆರಾಲ್ಡ್ ಮಾತ್ರ ಎಲ್ಲಾನೂ ಡಾಲರ್ ಲೆಕ್ಕದಲ್ಲೇ ಬರ್ದಿಟ್ಟಿದಾನೆ ಮಾರಾಯ್ರೆ. ಕತೆ ನಡೆಯೋದು 1922ರ ಬೇಸಿಗೇಲಿ, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಲ್ಲಿ. ಕತೆ ಹೇಳೋ ನಿಕ್ ಇರೋದು ತಿಂಗಳಿಗೆ 80 ಡಾಲರ್ ಬಾಡಿಗೆ ಮನೇಲಿ, ನೀರಿನ ಆಚೆ ದಡದಲ್ಲಿರೋ ಶ್ರೀಮಂತ ಟಾಮ್ ಮದುವೆ ಹಿಂದಿನ ದಿನ ತಾನು ಕಟ್ಕೊಳ್ಳೋ ಡೇಸಿಗೆ ಕೊಟ್ಟ ಮುತ್ತಿನ ಹಾರ 350000 ಡಾಲರಿಂದು. ಕ್ಯಾಲ್ಕುಲೇಟರ್ ಹಿಡಿದು ನೋಡಿದೆ, ಆ ಹಾರದ ದುಡ್ಡಲ್ಲಿ ನಿಕ್ 364 ವರ್ಷ ಬಾಡಿಗೆ ಕಟ್ಟಬಹುದು.

ನಂಗೆ ತಲೇಲಿ ಕೂತಿದ್ದು ಕಿತ್ತಳೆ ಹಣ್ಣಿನ ಭಾಗ. ಪ್ರತಿ ಶುಕ್ರವಾರ ನಿಕ್ ಪಕ್ಕದ ಮನೇಲಿ ಪಾರ್ಟಿ ಮೇಲೆ ಪಾರ್ಟಿ ಕೊಡೋ, ಡೇಸಿಯ ಹಳೇ ಪ್ರೇಮಿ ಗ್ಯಾಟ್ಸ್‌ಬಿ ಮನೆಗೆ ಐದು ಕ್ರೇಟ್ ಕಿತ್ತಳೆ, ನಿಂಬೆ ಬರುತ್ತೆ, ಸೋಮವಾರ ಅದೇ ಹಣ್ಣು ಬರೀ ಸಿಪ್ಪೆಯಾಗಿ ಹಿತ್ತಿಲ ಬಾಗಿಲಲ್ಲಿ ರಾಶಿ ಬಿದ್ದಿರುತ್ತೆ. ಅಡುಗೆಮನೇಲಿ ಒಂದು ಮೆಷೀನಿದೆ, ಅರ್ಧ ಗಂಟೇಲಿ 200 ಹಣ್ಣಿನ ರಸ ತೆಗೆಯುತ್ತೆ, ಆದ್ರೆ ಬಟ್ಲರ್ ತನ್ನ ಹೆಬ್ಬೆರಳಲ್ಲಿ 200 ಸಲ ಬಟನ್ ಒತ್ಬೇಕು ಅಷ್ಟೆ! ಪಾರ್ಟಿ ಮುಗಿದ ಸೋಮವಾರ ಎಂಟು ಜನ ಆಳುಗಳು ಇಡೀ ದಿನ ತಿಕ್ಕಿ ತೊಳೆದು ಮುರಿದಿದ್ದನ್ನ ಸರಿಮಾಡ್ತಾರೆ. ಪಾರ್ಟಿ ಸೀನ್ ಬಗ್ಗೆ ಎಲ್ರೂ ಮಾತಾಡ್ತಾರೆ, ಆ ಹೆಬ್ಬೆರಳು ನೋಟ್ಸ್ ಬರೆದವರ ಕಣ್ಣಿಗೇ ಬಿದ್ದಿಲ್ಲ.

ಇನ್ನೊಂದು, ನೋಟ್ಸಲ್ಲಿ ಶ್ರೀಮಂತರು ಅಂದ್ರೆ ಎಲ್ಲಾ ಒಂದೇ ಗುಂಪು. ಕಾದಂಬರೀಲಿ ಹಾಗಿಲ್ಲ, ಟಾಮ್‌ದು ತಾತನ ಕಾಲದ ದುಡ್ಡು, ಗ್ಯಾಟ್ಸ್‌ಬಿದು ನಿನ್ನೆ ಮೊನ್ನೆ ಬಂದಿದ್ದು, ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ ಅಂತೀವಲ್ಲ, ಟಾಮ್ ಅವನನ್ನ ನೋಡೋದು ಥೇಟ್ ಆ ಕಣ್ಣಲ್ಲೇ. ಪ್ಲಾಜಾ ಹೋಟೆಲ್ ಸೀನ್ ನೋಡಿ, ಆಗ ದೇಶದಲ್ಲಿ ಮದ್ಯ ನಿಷೇಧ ಇತ್ತು, ನೀನು ಕಳ್ಳ ಮದ್ಯ ಮಾರ್ದೋನು ಅಂತ ಟಾಮ್ ಎಲ್ರ ಮುಂದೆ ಗ್ಯಾಟ್ಸ್‌ಬಿ ಮರ್ಯಾದೆ ತೆಗೀತಾನೆ, ಅದೇ ಟಾಮ್ ಮನೆಯಿಂದ ಟವೆಲಲ್ಲಿ ಸುತ್ಕೊಂಡು ತಂದ ವಿಸ್ಕಿ ಬಾಟ್ಲಿ ಅದೇ ರೂಮಲ್ಲಿದೆ. ಕುಡಿಯೋನು ದೊಡ್ಡ ಮನುಷ್ಯ, ಮಾರೋನು ಕಳ್ಳ.

ಇಬ್ಬರಿಗೂ ಕೆಳಗೆ, ಬೂದಿ ಗುಡ್ಡೆಗಳ ಮಧ್ಯ ಗ್ಯಾರೇಜ್ ಇಟ್ಕೊಂಡಿರೋ ವಿಲ್ಸನ್. ಟಾಮ್ ಹಳೇ ಕಾರು ಮಾರ್ತಾನೆ ಅಂತ ಕಾಯ್ತಾನೇ ಇರ್ತಾನೆ, ಅತ್ಲಾಗೆ ಟಾಮ್ ಅವನ ಹೆಂಡ್ತಿ ಜೊತೆನೇ ಓಡಾಡ್ಕೊಂಡಿದಾನೆ. (ಆ ಬೂದಿ ಗುಡ್ಡೆ ಕಲ್ಪನೆ ಏನಲ್ಲ, ನ್ಯೂಯಾರ್ಕಿನ ಕ್ವೀನ್ಸಲ್ಲಿ ಕೊರೋನಾ ಅನ್ನೋ ಕಡೆ ನಿಜವಾಗ್ಲೂ ಇತ್ತು, ಆಮೇಲೆ ಆ ಜಾಗದಲ್ಲೇ 1939ರ ವರ್ಲ್ಡ್ಸ್ ಫೇರ್ ಮಾಡಿದ್ರು.) ಕೊನೆಗೆ ಸಾಯೋದು ವಿಲ್ಸನ್, ಅವನ ಹೆಂಡ್ತಿ, ಗ್ಯಾಟ್ಸ್‌ಬಿ. ಟಾಮ್, ಡೇಸಿ ಗಂಟುಮೂಟೆ ಕಟ್ಕೊಂಡು ಆರಾಮಾಗಿ ಹೊರಟುಬಿಡ್ತಾರೆ.

ಇನ್ನು ಸಿಟ್ಟು ಬಂದಿದ್ದೆಲ್ಲಿ ಅಂದ್ರೆ ಕೊನೇ ಅಧ್ಯಾಯದಲ್ಲಿ. ಗ್ಯಾಟ್ಸ್‌ಬಿ ಅಪ್ಪ ಒಂದು ಹಳೇ ಕೌಬಾಯ್ ಪುಸ್ತಕ ತಂದು ತೋರಿಸ್ತಾನೆ, ಅದರ ಹಿಂದೆ ಹುಡುಗ ಇದ್ದಾಗ ಮಗ 1906ರಲ್ಲಿ ಬರೆದ ಟೈಮ್‌ಟೇಬಲ್, ಬೆಳಗ್ಗೆ 6ಕ್ಕೆ ಏಳೋದು, ಡಂಬೆಲ್ಸ್, ಎಲೆಕ್ಟ್ರಿಸಿಟಿ ಓದೋದು, ಅಪ್ಪ ಅಮ್ಮನ್ನ ಚೆನ್ನಾಗಿ ನೋಡ್ಕೊಳ್ಳೋದು. ಅಮೆರಿಕ ದೇಶ ಕಟ್ಟಿದವರಲ್ಲಿ ಒಬ್ಬನಾದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕತೇಲಿ ಹಾಕಿದ್ದ ದಿನಚರಿಯ ನೆರಳು ಅದು, ಶ್ರಮ ಪಟ್ರೆ ಯಾರ್ ಬೇಕಾದ್ರೂ ಮೇಲೆ ಬರಬಹುದು ಅನ್ನೋ ದೇಶದ ನಂಬಿಕೆ ಪೂರ್ತಿ ಆ ಒಂದು ಹಾಳೇಲಿದೆ. ಅದರಲ್ಲಿ ವಾರಕ್ಕೆ 5 ಡಾಲರ್ ಉಳಿಸ್ತೀನಿ ಅಂತ ಬರೆದು, ಅದನ್ನ ಹೊಡೆದುಹಾಕಿ, 3 ಅಂತ ಮಾಡಿರ್ತಾನೆ. ಈ ಎಡಿಷನಲ್ಲಿ ಹೊಡೆದುಹಾಕಿದ್ದೇ ಮಾಯ! ಬರೀ 3 ಡಾಲರ್ ಅಂತಿದೆ. ಆ 2 ಡಾಲರ್ ಎಲ್ಲಿಂದ ತರ್ತಾನೆ ಬಡವರ ಮನೆ ಹುಡುಗ, ಅದು ಅವನಿಗೂ ಗೊತ್ತಾಗಿತ್ತು ಅನ್ನೋದೇ ಅಲ್ಲಿರೋ ಸಂಕಟ, ಅದನ್ನೇ ತೆಗೆದುಬಿಟ್ಟಿದಾರೆ.

2012ರಲ್ಲಿ ಅರ್ಥಶಾಸ್ತ್ರಜ್ಞ ಆಲನ್ ಕ್ರೂಗರ್ ತೋರಿಸಿದ ಗ್ರೇಟ್ ಗ್ಯಾಟ್ಸ್‌ಬಿ ಕರ್ವ್, ಅಂದ್ರೆ ಅಸಮಾನತೆ ಜಾಸ್ತಿ ಇರೋ ದೇಶಗಳಲ್ಲಿ ಅಪ್ಪನ ಆದಾಯ ಮಗನ ಆದಾಯವನ್ನ ಹೆಚ್ಚು ನಿರ್ಧರಿಸುತ್ತೆ ಅನ್ನೋ ಲೆಕ್ಕ, ಅದರ ಬಗ್ಗೆನೂ ನೋಟ್ಸಲ್ಲಿ ಒಂದು ಸಾಲಿಲ್ಲ. ಪ್ರೇಮಕತೆ ಅಂತ ಮಾತ್ರ ಮೂರು ಕಡೆ ಇದೆ.

ಕಾದಂಬರಿ ಖಂಡಿತ ಓದಿ, ಸಣ್ಣದೇ, ಒಂಬತ್ತೇ ಅಧ್ಯಾಯ. ಅಂಗಡೀಲಿ ಯಾವ ಎಡಿಷನ್ ಕೈಗೆ ಸಿಕ್ರೂ ಮೊದಲು ಆ ಟೈಮ್‌ಟೇಬಲ್ ಪುಟ ತೆಗೆದು 5 ಹೊಡೆದು 3 ಮಾಡಿರೋದು ಇದೆಯಾ ನೋಡಿ, ಇಲ್ಲಾಂದ್ರೆ ವಾಪಸ್ ಇಟ್ಟು ಬೇರೇದು ನೋಡಿ.