ಬೆಂಡೆಕಾಯಿ ಸೂಪು, ಕೆಂಪನ್ನ, ಬಾಗಿಲ ಬಳಿ ಬಿಪಿ ಮಷಿನ್: ಸೇಂಟ್ ಹೆಲೆನಾ ದ್ವೀಪದ ಒಂದು ಗುಲ್ಲಾ ಊಟದ ಮನೆ

ಮೊದಲು ಊಟದ ವಿಷಯ ಹೇಳಿಬಿಡುತ್ತೇನೆ. ಇದು ಗುಲ್ಲಾ ಅನ್ನುವ ಕಪ್ಪು ಸಮುದಾಯದವರ ಊಟದ ಮನೆ, ಇಲ್ಲಿಗೆ ಹೋದರೆ ಬೆಂಡೆಕಾಯಿ ಸೂಪ್ ತಗೊಳ್ಳಿ. ಬೇರೆ ಏನು ತಗೊಂಡರೂ ಜೊತೆಗೆ ಇದು ಇರಲೇಬೇಕು. ಟೊಮೆಟೊ, ಮೆಕ್ಕೆಜೋಳದ ಕಾಳು, ಬಟರ್ ಬೀನ್ಸ್, ಕೊನೆಯಲ್ಲಿ ಒಂದು ಹಿಡಿ ಸಿಗಡಿ, ಅಷ್ಟೇ. ಬೆಂಡೆಕಾಯಿಯ ಲೋಳೆ ಹೋಗಲಿ ಅಂತ ನಾವು ಅದನ್ನು ಹುರಿದು ಹುರಿದು ಒಣಗಿಸುತ್ತೇವೆ ಅಲ್ವಾ, ಇವರು ಆ ಲೋಳೆಯನ್ನೇ ಕೆಲಸಕ್ಕೆ ಹಚ್ಚುತ್ತಾರೆ. ಸೂಪ್ ಗಟ್ಟಿಯಾಗುವುದು ಅದರಿಂದಲೇ. ಮೈದಾ ಇಲ್ಲ, ಕ್ರೀಮ್ ಇಲ್ಲ. ಬಿಸಿ ಅನ್ನದ ಮೇಲೆ ಹುಯ್ದುಕೊಂಡು ತಿಂದರೆ ಹೊಟ್ಟೆ ತಣ್ಣಗಾಗುತ್ತದೆ.

ಜಾಗ ಇರುವುದು ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ, ಬ್ಯೂಫರ್ಟ್ ಪಟ್ಟಣ ದಾಟಿ ಸೇತುವೆ ಮೇಲೆ ಹೋದರೆ ಸಿಗುವ ಸೇಂಟ್ ಹೆಲೆನಾ ದ್ವೀಪದಲ್ಲಿ. ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ, ಓಕ್ ಮರಗಳ ಕೆಳಗೆ ಒಂದು ಮರದ ಮನೆ. ಒಳಗೆ ಒಂಬತ್ತು ಟೇಬಲ್. ಹೆಸರು ಬರೆಯುತ್ತಿಲ್ಲ. ನನ್ನ ದೂರುಗಳೂ ಒಂದೆರಡು ಇವೆ, ಅವನ್ನು ಅವರ ಮುಖಕ್ಕೇ ಹೇಳಿ ಬಂದಿದ್ದೇನೆ, ಸರಿ ಮಾಡುತ್ತೇವೆ ಅಂದಿದ್ದಾರೆ. ದ್ವೀಪದಲ್ಲಿ ಯಾರನ್ನಾದರೂ ಬೆಂಡೆಕಾಯಿ ಸೂಪ್ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ದಾರಿ ತೋರಿಸುತ್ತಾರೆ.

ನಾನು ಹೋದದ್ದು ಯಾಕೆ ಅಂದರೆ, ನನ್ನ ಕೆಲಸ ಡಯಟೀಷಿಯನ್ನದು. ಈ ಕರಾವಳಿಯ ಒಂದು ಡಯಾಲಿಸಿಸ್ ಸೆಂಟರಿನಲ್ಲಿದ್ದೇನೆ. ನಮ್ಮಲ್ಲಿ ಬರುವವರಲ್ಲಿ ಬಹಳ ಜನ ಕಪ್ಪು ಸಮುದಾಯದ ಹಿರಿಯರು. ಅವರಿಗೆ ಕೊಡಲು ನಮ್ಮ ಹತ್ತಿರ ಒಂದು ಹಾಳೆ ಇದೆ, ಏನು ತಿನ್ನಬೇಕು, ಏನು ಬಿಡಬೇಕು ಅಂತ. ಒಂದು ದಿನ ಒಬ್ಬ ಹಿರಿಯ ಹೆಂಗಸು ಆ ಹಾಳೆ ಪೂರ್ತಿ ಓದಿದರು. ಆಮೇಲೆ, "ಬಿಡಬೇಕಾದ ಪಟ್ಟಿಯಲ್ಲಿ ನಮ್ಮ ಊಟ ಪೂರಾ ಇದೆ, ತಿನ್ನಬೇಕಾದ ಪಟ್ಟಿಯಲ್ಲಿ ಒಂದೂ ಇಲ್ಲ" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಮತ್ತೆ ಹಾಳೆ ನೋಡಿದೆ. ಸೊಪ್ಪು, ಅಲಸಂದೆ, ಸಿಹಿಗೆಣಸು, ಎಲ್ಲವೂ ಬೇಡದ ಕಡೆ. ಬೇಕಾದ ಕಡೆ ಅವರ ಅಜ್ಜಿ ಕಣ್ಣಲ್ಲೂ ನೋಡಿರದ ಪದಾರ್ಥಗಳು. ಈ ಊಟದ ಮನೆಯ ದಾರಿ ಹೇಳಿದ್ದು ಅವರೇ. ಹೋಗಿ ತಿಂದು ನೋಡು, ಆಮೇಲೆ ಬಂದು ನನಗೆ ಹೇಳು ಅಂದರು.

ಗುಲ್ಲಾ ಗೀಚಿ ಅಂದರೆ ಯಾರು ಅಂತ ಎರಡು ಮಾತು. ಪಶ್ಚಿಮ ಆಫ್ರಿಕಾದಿಂದ, ಅದರಲ್ಲೂ ಸೆನೆಗಲ್‌ನಿಂದ ಸಿಯೆರಾ ಲಿಯೋನ್‌ವರೆಗಿನ ಭತ್ತದ ಕರಾವಳಿಯಿಂದ ಹಿಡಿದು ತಂದು ಗುಲಾಮರನ್ನಾಗಿ ಮಾಡಿದ ಜನರ ಮಕ್ಕಳು ಮೊಮ್ಮಕ್ಕಳು ಇವರು. ಕ್ಯಾರೊಲಿನಾದ ಜೌಗು ನೆಲದಲ್ಲಿ ಭತ್ತ ಬೆಳೆಯುವ ವಿದ್ಯೆ ಅವರ ಕೈಯಲ್ಲಿತ್ತು. ಗದ್ದೆಗೆ ನೀರು ಕಟ್ಟುವುದು, ಒರಳಲ್ಲಿ ಕುಟ್ಟುವುದು, ಹೆಣೆದ ಬುಟ್ಟಿಯಲ್ಲಿ ಕೇರುವುದು ಎಲ್ಲ ಗೊತ್ತಿತ್ತು. ಆ ಬುಟ್ಟಿಗೆ ಇಲ್ಲಿ ಫ್ಯಾನರ್ ಅನ್ನುತ್ತಾರೆ. ಈ ಊಟದ ಮನೆಯ ಗೋಡೆಗೆ ಒಂದನ್ನು ನೇತುಹಾಕಿದ್ದಾರೆ. ನೋಡಿದ ತಕ್ಷಣ ನನ್ನ ಬಾಯಿಂದ ಬಂದದ್ದು "ಮೊರ" ಅಂತ. ಆಕಾರ ಗುಂಡಗೆ, ಕೆಲಸ ಮಾತ್ರ ಅದೇ. ಕ್ಯಾರೊಲಿನಾದ ಭತ್ತದ ಒಡೆಯರು ಕೋಟ್ಯಧೀಶರಾಗಿದ್ದು ಇವರ ವಿದ್ಯೆಯಿಂದ, ಇವರ ಬೆವರಿನಿಂದ. ಇವರಿಗೆ ಸಿಕ್ಕಿದ್ದು ನುಚ್ಚಕ್ಕಿ.

ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ, 1861ರ ನವೆಂಬರಿನಲ್ಲಿ, ಉತ್ತರದ ರಾಜ್ಯಗಳ ನೌಕಾಪಡೆ ಇಲ್ಲೇ ಪಕ್ಕದ ಪೋರ್ಟ್ ರಾಯಲ್ ಹಿಡಿದುಕೊಂಡಿತು. ಬಿಳಿಯ ಜಮೀನ್ದಾರರು ದ್ವೀಪ ಬಿಟ್ಟು ಓಡಿದರು. ಗುಲಾಮರಾಗಿದ್ದವರು ಇಲ್ಲೇ ಉಳಿದರು, ಮುಂದೆ ತುಂಡು ತುಂಡು ನೆಲ ಕೊಂಡುಕೊಂಡರು. ಮಾರನೇ ವರ್ಷ, 1862ರಲ್ಲಿ, ಅವರಿಗಾಗಿ ಪೆನ್ ಸ್ಕೂಲ್ ಶುರುವಾಯಿತು. ಶುರು ಮಾಡಿದವರಲ್ಲಿ ಒಬ್ಬರಾದ ಲಾರಾ ಟೌನ್ ಪಾಠವನ್ನೂ ಹೇಳುತ್ತಿದ್ದರು, ಔಷಧಿಯನ್ನೂ ಕೊಡುತ್ತಿದ್ದರು. ಅದೇ ಜಾಗ ಇವತ್ತಿನ ಪೆನ್ ಸೆಂಟರ್. 1960ರ ದಶಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಸಂಗಡಿಗರ ಜೊತೆ ಇಲ್ಲಿಗೆ ಬಂದು ಉಳಿಯುತ್ತಿದ್ದರು. ಊಟಕ್ಕೆ ಮುಂಚೆ ಅಲ್ಲಿಗೆ ಹೋಗಿ ಬನ್ನಿ, ಆಮೇಲೆ ತಟ್ಟೆಯಲ್ಲಿರುವುದು ಬೇರೆ ಥರ ಕಾಣುತ್ತದೆ.

ಈಗ ತಟ್ಟೆಗೆ ವಾಪಸ್ ಬರೋಣ. ಕೆಂಪನ್ನ ಅಂದರೆ ಟೊಮೆಟೊ ರಸದಲ್ಲೇ ಬೇಯಿಸಿದ ಅನ್ನ, ಪಶ್ಚಿಮ ಆಫ್ರಿಕಾದ ಜೋಲೋಫ್ ಅನ್ನದ ಹತ್ತಿರದ ನೆಂಟ. ತಳ ಸ್ವಲ್ಪ ಸೀದಿರುತ್ತದೆ, ಬೇಕೆಂದೇ ಹಾಗೆ ಮಾಡುತ್ತಾರೆ, ಆ ಸೀಕಲನ್ನು ಕೇಳಿ ಹಾಕಿಸಿಕೊಳ್ಳಿ. ಹಾಪಿನ್ ಜಾನ್ ಅಂದರೆ ಕಾಳು ಹಾಕಿ ಮಾಡಿದ ಅನ್ನ. ಆ ಕಾಳು ನಮ್ಮ ಅಲಸಂದೆಯ ಜಾತಿಯದೇ, ಅದೂ ಆಫ್ರಿಕಾದಿಂದಲೇ ಬಂದದ್ದು. ಹೊಸ ವರ್ಷದ ದಿನ ಪ್ರತಿ ಮನೆಯಲ್ಲೂ ಸೊಪ್ಪಿನ ಜೊತೆ ಇದನ್ನು ಮಾಡುತ್ತಾರೆ. ಇಲ್ಲಿ ದಿನವೂ ಸಿಗುತ್ತದೆ. ಮೀನು ಅವತ್ತು ಬಲೆಗೆ ಏನು ಬಿತ್ತೋ ಅದು. ಕೊನೆಗೆ ಬೆನ್ನೆ ಬಿಸ್ಕತ್ತು. ಬೆಣ್ಣೆ ಅಂದುಕೊಳ್ಳಬೇಡಿ, ಬೆನ್ನೆ ಅಂದರೆ ಎಳ್ಳು. ಆಫ್ರಿಕಾದ ಭಾಷೆಗಳ ಆ ಮಾತು ಸಮುದ್ರ ದಾಟಿ ಬಂದು ಇವತ್ತಿಗೂ ಇವರ ಬಾಯಲ್ಲಿದೆ. ತೆಳ್ಳಗೆ, ಗರಿಗರಿಯಾಗಿ, ಹುರಿದೆಳ್ಳಿನ ವಾಸನೆ. ಎರಡು ತಿಂದರೆ ಸಾಕು, ನಾನು ಐದು ತಿಂದೆ.

ಸೊಪ್ಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನನ್ನ ಕೆಲಸಕ್ಕೂ ಈ ಊಟಕ್ಕೂ ನಂಟು ಬೀಳುವುದು ಅಲ್ಲೇ. ಕೊಲಾರ್ಡ್ ಅನ್ನುವ ದಪ್ಪ ಎಲೆಯ ಸೊಪ್ಪು. ಸಾಮಾನ್ಯವಾಗಿ ಅದಕ್ಕೆ ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಉಪ್ಪು ಸೇರುವುದೇ ಅಲ್ಲಿಂದ. ಈ ಮನೆಯ ಅಡುಗೆಯಮ್ಮ ಮಾಂಸ ಕಡಿಮೆ ಮಾಡಿ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸು, ವಿನೆಗರ್ ಹಾಕುತ್ತಾರೆ. ಎಷ್ಟು ಉಪ್ಪು ಅಂತ ಕೇಳಿದೆ. ಒಳಗೆ ಕರೆದುಕೊಂಡು ಹೋಗಿ ಪಾತ್ರೆ ತೋರಿಸಿದರು, ಚಮಚ ತೋರಿಸಿದರು. ಅಷ್ಟು ದೊಡ್ಡ ಪಾತ್ರೆಗೆ ಅದು ನಿಜಕ್ಕೂ ಕಡಿಮೆ. ಒಂದು ಟೀ ಚಮಚ ಉಪ್ಪಿನಲ್ಲಿ ಸುಮಾರು 2,300 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಒಬ್ಬ ದೊಡ್ಡವರಿಗೆ ಇಡೀ ದಿನದ ಮಿತಿ ಅದು. ಇದು ಹೊಸ ಆರೋಗ್ಯದ ಅಡುಗೆಯಾ ಅಂತ ಕೇಳಿದ್ದಕ್ಕೆ ಆಕೆ ತಲೆ ಅಲ್ಲಾಡಿಸಿದರು. ಅವರ ಅಜ್ಜಿ ಹೀಗೇ ಮಾಡುತ್ತಿದ್ದರಂತೆ. ಮಾಂಸ ವಾರಕ್ಕೊಮ್ಮೆ ಸಿಕ್ಕರೆ ಹೆಚ್ಚು, ತೋಟದ ಸೊಪ್ಪು, ಹೊಳೆಯ ಮೀನು, ಮನೆಯ ಕಾಳು, ಇಷ್ಟರಲ್ಲೇ ಬದುಕು. ಡಬ್ಬಿಯ ಮಾಂಸ, ಪ್ಯಾಕೆಟ್ ಊಟ, ಕೋಲಾ ಬಂದದ್ದು ಆಮೇಲೆ.

ಈ ಮಾತು ನನಗೆ ಬಹಳ ನಾಟಿತು. ಕಪ್ಪು ಜನರ ಕಾಯಿಲೆಗಳ ಬಗ್ಗೆ ಮಾತು ಬಂದಾಗಲೆಲ್ಲ ನಾವು, ಅಂದರೆ ಆಸ್ಪತ್ರೆಯ ಕಡೆಯವರು, ಮೊದಲು ಬೊಟ್ಟು ಮಾಡುವುದು ಅವರ ಅಡುಗೆಯ ಕಡೆಗೆ. ಅಮೆರಿಕದ ಕಪ್ಪು ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಬಿಪಿ ಇದೆ. ದೇಶದ ಜನರಲ್ಲಿ ಅವರು ಸುಮಾರು 13 ಶೇಕಡಾ, ಕಿಡ್ನಿ ಪೂರ್ತಿ ಕೈಕೊಟ್ಟವರಲ್ಲಿ ಮಾತ್ರ ಮೂವರಲ್ಲಿ ಒಬ್ಬರು. ಪಾರ್ಶ್ವವಾಯು ಜಾಸ್ತಿ ಇರುವ ದಕ್ಷಿಣದ ರಾಜ್ಯಗಳಿಗೆ ಸ್ಟ್ರೋಕ್ ಬೆಲ್ಟ್ ಅಂತ ಹೆಸರು, ಅದರಲ್ಲೂ ಈ ಕರಾವಳಿಯ ಬಯಲಿಗೆ ಆ ಬೆಲ್ಟಿನ ಬಕಲ್ ಅನ್ನುತ್ತಾರೆ. ಇದೆಲ್ಲ ನಿಜ. ಆದರೆ ಸೊಪ್ಪು, ಕಾಳು, ಮೀನು, ಎಳ್ಳು ತಿಂದು ಹೀಗಾಗಲಿಲ್ಲ. ತೋಟ ಇದ್ದ ನೆಲ ಕೈತಪ್ಪಿತು. ಪಕ್ಕದ ಹಿಲ್ಟನ್ ಹೆಡ್ ದ್ವೀಪಕ್ಕೆ 1956ರಲ್ಲಿ ಸೇತುವೆ ಆಯಿತು, ಅದರ ಹಿಂದೆಯೇ ಗಾಲ್ಫ್ ಮೈದಾನ, ರೆಸಾರ್ಟ್ ಬಂದವು, ಹಳೆಯ ಕುಟುಂಬಗಳು ಎಷ್ಟೋ ನೆಲ ಕಳೆದುಕೊಂಡವು. ಸೇಂಟ್ ಹೆಲೆನಾ ಇನ್ನೂ ಉಳಿದಿರುವುದಕ್ಕೆ ಒಂದು ಕಾರಣ 1999ರಲ್ಲಿ ಕೌಂಟಿ, ಅಂದರೆ ಇಲ್ಲಿನ ಜಿಲ್ಲಾಡಳಿತ, ಮಾಡಿದ ನಿಯಮ. ಇಲ್ಲಿ ಗಾಲ್ಫ್ ಕೋರ್ಸ್ ಮಾಡುವಂತಿಲ್ಲ, ಗೇಟು ಹಾಕಿದ ಬಡಾವಣೆ ಕಟ್ಟುವಂತಿಲ್ಲ. ಅಡುಗೆಯಮ್ಮನ ತೋಟ ಮನೆಯ ಹಿಂದೆಯೇ ಇದೆ. ನೆಲ ಉಳಿದದ್ದಕ್ಕೇ ಸೊಪ್ಪು ಉಳಿದಿದೆ.

ಡ್ಯಾಶ್ ಅನ್ನುವ ಊಟದ ಕ್ರಮದ ಅಧ್ಯಯನ 1997ರಲ್ಲಿ ಬಂತು. ಹಣ್ಣು, ತರಕಾರಿ, ಕಡಿಮೆ ಕೊಬ್ಬಿನ ಹಾಲು ಜಾಸ್ತಿ ಇರುವ ಊಟ. ಅದರಿಂದ ಬಿಪಿ ಇಳಿದದ್ದು ಬಿಳಿಯರಿಗಿಂತ ಕಪ್ಪು ಜನರಲ್ಲೇ ಹೆಚ್ಚು. ಹಾಲೊಂದನ್ನು ಬಿಟ್ಟರೆ ಆ ಊಟದ ಬಹುಪಾಲು ಈ ಅಜ್ಜಿಯರ ಅಡುಗೆಯಲ್ಲಿ ಮೊದಲೇ ಇತ್ತು.

ಕಿಡ್ನಿ ತೊಂದರೆ ಇರುವವರಿಗೆ ಒಂದು ಎಚ್ಚರಿಕೆ. ಸೊಪ್ಪು ಬೆಂದ ನೀರಿಗೆ ಇಲ್ಲಿ ಪಾಟ್ ಲಿಕರ್ ಅನ್ನುತ್ತಾರೆ, ಬಟ್ಟಲಲ್ಲಿ ಹಾಕಿಕೊಡುತ್ತಾರೆ, ರುಚಿಯೋ ರುಚಿ. ಆದರೆ ಪೊಟ್ಯಾಸಿಯಂ ಇಳಿದಿರುವುದು ಆ ನೀರಿಗೇ, ಕೆಟ್ಟ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕಲಾರದು. ಡಯಾಲಿಸಿಸ್‌ನಲ್ಲಿರುವವರು ಅದನ್ನು ಬಿಡಿ, ಸೊಪ್ಪನ್ನು ಹಿಂಡಿ ಸ್ವಲ್ಪ ತಿನ್ನಿ. ರಂಜಕ, ಅಂದರೆ ಫಾಸ್ಫರಸ್, ಅದೂ ಕೆಟ್ಟ ಕಿಡ್ನಿಗೆ ಹೊರೆಯೇ, ಆದರೆ ಕಾಳಿನಲ್ಲಿರುವುದು ದೇಹಕ್ಕೆ ಪೂರ್ತಿ ಸೇರುವುದಿಲ್ಲ. ಪ್ಯಾಕೆಟ್ ಮಾಂಸಕ್ಕೆ, ಕೋಲಾಕ್ಕೆ ಬೆರೆಸುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ. ನಮ್ಮ ಹಾಳೆಯಲ್ಲಿ ಎರಡಕ್ಕೂ ಒಂದೇ ಅಡ್ಡಗೆರೆ ಎಳೆದಿತ್ತು. ನಿಮ್ಮ ನಿಮ್ಮ ರಕ್ತಪರೀಕ್ಷೆ ನೋಡಿ ನಿಮ್ಮ ಡಯಟೀಷಿಯನ್ ಹತ್ತಿರ ಅಳತೆ ಕೇಳಿ.

ಬಾಗಿಲ ಪಕ್ಕದ ಕುರ್ಚಿ ಈ ಜಾಗದ ಇನ್ನೊಂದು ವಿಶೇಷ. ಶನಿವಾರ ಅಲ್ಲಿ ಚರ್ಚಿನ ಒಬ್ಬ ನಿವೃತ್ತ ನರ್ಸ್ ಬಿಪಿ ಮಷಿನ್ ಇಟ್ಟುಕೊಂಡು ಕೂತಿರುತ್ತಾರೆ. ಟೇಬಲಿಗೆ ಕಾಯುತ್ತಿರುವವರು ಒಬ್ಬೊಬ್ಬರಾಗಿ ಹೋಗಿ ತೋಳು ಚಾಚುತ್ತಾರೆ. ಕಾಸು ಇಲ್ಲ, ಫಾರ್ಮ್ ಇಲ್ಲ. ನಾನು ನೋಡುತ್ತಿದ್ದಾಗಲೇ ಒಬ್ಬ ಮೀನುಗಾರರಿಗೆ ಬಿಪಿ ತುಂಬಾ ಜಾಸ್ತಿ ಬಂತು. ಆಕೆ ದನಿ ಏರಿಸಲಿಲ್ಲ. ಐದು ನಿಮಿಷ ಸುಮ್ನೆ ಕೂರಿಸಿ ಮತ್ತೆ ನೋಡಿದರು, ಆಮೇಲೆ ತಮ್ಮ ಫೋನಿನಿಂದಲೇ ಕ್ಲಿನಿಕ್ಕಿಗೆ ಕರೆ ಮಾಡಿ ಸೋಮವಾರಕ್ಕೆ ಸಮಯ ಕೊಡಿಸಿದರು. ಲಾಸ್ ಏಂಜಲೀಸ್‌ನ ಕಪ್ಪು ಜನರ ಕ್ಷೌರದ ಅಂಗಡಿಗಳಲ್ಲಿ ಫಾರ್ಮಸಿಸ್ಟರನ್ನು ಕೂರಿಸಿ ಮಾಡಿದ ಅಧ್ಯಯನವೊಂದು 2018ರಲ್ಲಿ ಬಂತು. 52 ಅಂಗಡಿ, 319 ಗಂಡಸರು. ಅಂಗಡಿಯಲ್ಲೇ ಔಷಧಿ ಸಿಕ್ಕವರ ಮೇಲಿನ ಬಿಪಿ ಆರು ತಿಂಗಳಲ್ಲಿ ಸರಾಸರಿ 27 ಅಂಕ ಇಳಿಯಿತು, ಬರೀ ಸಲಹೆ ಸಿಕ್ಕವರಲ್ಲಿ ಸುಮಾರು 9. ನಂಬುವ ಜಾಗದಲ್ಲಿ ನಂಬುವವರು ಜೊತೆಗಿದ್ದರೆ ಔಷಧಿಯೂ ನಾಟುತ್ತದೆ.

ಆ ನಂಬಿಕೆ ಆಸ್ಪತ್ರೆಗೆ ಸುಲಭವಾಗಿ ಸಿಗುವುದಿಲ್ಲ, ಸಿಗದಿರುವುದಕ್ಕೆ ಕಾರಣ ಇದೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಗಂಡಸರನ್ನು ಸರ್ಕಾರವೇ ಚಿಕಿತ್ಸೆ ಕೊಡದೆ ನೋಡುತ್ತಾ ಕೂತಿತ್ತು. ಅದು ಹಳೆಯ ಕಥೆ ಅನ್ನುವವರಿಗೆ ನನ್ನ ಕ್ಷೇತ್ರದ ಮಾತು ಹೇಳುತ್ತೇನೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಲೆಕ್ಕ ಹಾಕುವ ಸೂತ್ರದಲ್ಲಿ ಕಪ್ಪು ಜನರಿಗೆ ಬೇರೆ ಗುಣಕ ಇತ್ತು, ಅದರಿಂದ ಅವರ ಕಿಡ್ನಿ ಇರುವುದಕ್ಕಿಂತ ಚೆನ್ನಾಗಿದೆ ಅಂತ ಕಾಣುತ್ತಿತ್ತು, ಕಸಿಯ ಸರತಿಗೆ ಹೆಸರು ಸೇರುವುದು ತಡವಾಗುತ್ತಿತ್ತು. ಅದನ್ನು ಕೈಬಿಡಿ ಅಂತ ತೀರ್ಮಾನವಾದದ್ದು 2021ರಲ್ಲಿ. ಕಳೆದುಹೋದ ಕಾಯುವ ಅವಧಿಯನ್ನು ವಾಪಸ್ ಕೊಡಲು ಶುರು ಮಾಡಿದ್ದು 2023ರ ಜನವರಿಯಿಂದ. ನಿಮ್ಮ ಮನೆಯವರು ಯಾರಾದರೂ ಆ ಸರತಿಯಲ್ಲಿದ್ದರೆ ಈ ಬದಲಾವಣೆ ಅವರಿಗೆ ಸೇರಿದೆಯಾ ಅಂತ ಇವತ್ತೇ ಕೇಳಿ.

ಇನ್ನು ದೂರುಗಳು. ಬಾಗಿಲಿಗೆ ಮೂರು ಮೆಟ್ಟಿಲು, ಇಳಿಜಾರು ದಾರಿ ಇಲ್ಲ. ಇದು ಚಿಕ್ಕ ಮಾತಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು ಈ ದ್ವೀಪದಲ್ಲೂ ಇದ್ದಾರೆ. ಈ ಊಟ ಯಾರಿಗೆ ಎಲ್ಲಕ್ಕಿಂತ ಹೆಚ್ಚು ಬೇಕೋ ಅವರೇ ಮೆಟ್ಟಿಲ ಕೆಳಗೆ ಉಳಿಯುತ್ತಾರೆ. ಎರಡನೆಯದು ಸ್ವೀಟ್ ಟೀ. ಕೇಳದೆ ತಂದಿಡುತ್ತಾರೆ, ಪಾನಕಕ್ಕಿಂತ ಸಿಹಿ. ಸಿಹಿ ಇಲ್ಲದ್ದು ಕೇಳಿದರೆ ಕೊಡುತ್ತಾರೆ, ಬೋರ್ಡಿನಲ್ಲಿ ಮಾತ್ರ ಬರೆದಿಲ್ಲ. ಉಪ್ಪಿಗೆ ಅಷ್ಟು ಕಾಳಜಿ ಮಾಡುವವರು ಸಕ್ಕರೆಯನ್ನು ಯಾಕೆ ಬಿಟ್ಟರೋ. ಮೂರನೆಯದು ಫ್ರಾಗ್‌ಮೋರ್ ಸ್ಟ್ಯೂ. ಫ್ರಾಗ್ ಅಂತಿದ್ದರೂ ಕಪ್ಪೆ ಇಲ್ಲ, ಅದು ಈ ದ್ವೀಪದ್ದೇ ಒಂದು ಊರಿನ ಹೆಸರು. ಇರುವುದು ಸಿಗಡಿ, ಜೋಳ, ಆಲೂಗಡ್ಡೆ, ಸಾಸೇಜು. ರುಚಿ ಚೆನ್ನಾಗಿದೆ, ಸಾಸೇಜಿನ ಉಪ್ಪು ಮಾತ್ರ ಎಲ್ಲವನ್ನೂ ಹಿಡಿದುಬಿಡುತ್ತದೆ. ಬಿಪಿ ಇರುವವರು ಸಾಸೇಜ್ ಇಲ್ಲದೆ ಕೇಳಿ, ಮಾಡಿಕೊಡುತ್ತಾರೆ.

ಕಾಯುವುದು ಮುಕ್ಕಾಲು ಗಂಟೆ ಆಗಬಹುದು. ಎಲ್ಲ ಒಬ್ಬರೇ ಬೇಯಿಸುವುದು, ಅದನ್ನು ದೂರು ಅನ್ನಲಾರೆ. ಜಗುಲಿಯ ಮೇಲೆ ಕೂತರೆ ಗುಲ್ಲಾ ಮಾತು ಕಿವಿಗೆ ಬೀಳುತ್ತದೆ. ಇಲ್ಲೇ ಹುಟ್ಟಿದವರು "ಬಿನ್ ಯಾ", ಹೊರಗಿಂದ ಬಂದವರು "ಕಮ್ ಯಾ". ನನ್ನನ್ನೂ ಕಮ್ ಯಾ ಅಂತಲೇ ಕರೆದರು, ಕುರ್ಚಿ ಎಳೆದು ಕೊಟ್ಟರು.

ಮೀನಿನ ಊಟ 16 ಡಾಲರ್, ಬೆಂಡೆಕಾಯಿ ಸೂಪ್ ಅನ್ನದ ಜೊತೆ 9. ಕಾರ್ಡ್ ನಡೆಯುವುದಿಲ್ಲ, ನೋಟು ಇಟ್ಟುಕೊಂಡು ಹೋಗಿ. ಭಾನುವಾರ ಚರ್ಚು, ಬಾಗಿಲು ಮುಚ್ಚಿರುತ್ತದೆ. ಶನಿವಾರ 11ಕ್ಕೆ ತೆಗೆಯುತ್ತಾರೆ, 1 ಗಂಟೆಗೆಲ್ಲ ಸೂಪ್ ಖಾಲಿ. ನಾನು ಎರಡು ಡಬ್ಬಿ ಕಟ್ಟಿಸಿಕೊಂಡೆ. ಒಂದು ಮನೆಗೆ. ಇನ್ನೊಂದನ್ನು ಸೋಮವಾರ, ಅಳತೆ ಮಾಡಿ, ಆ ಹಿರಿಯ ಹೆಂಗಸಿಗೆ ಕೊಟ್ಟೆ. ಈಗ ಹೊಸ ಹಾಳೆಯನ್ನು ನಾವಿಬ್ಬರೂ ಸೇರಿ ಬರೆಯುತ್ತಿದ್ದೇವೆ, ಮೊದಲ ಸಾಲಿನಲ್ಲಿ ಬೆಂಡೆಕಾಯಿ ಇದೆ.