ಹಾಸನದಲ್ಲಿ ಇರಾನ್ ಸಿನಿಮಾ: ಅವರ ರ‍್ಯಾಂಕ್ ಬೇರೆ, ನಂದು ಬೇರೆ

ಸಾಲಗಾಮೆ ರಸ್ತೆ ಕಡೆ ಒಂದು ಸಣ್ಣ ಹಾಲ್‌ನಲ್ಲಿ ಭಾನುವಾರಗಳ ಸಂಜೆ ಇರಾನ್ ಸಿನಿಮಾ ತೋರಿಸುತ್ತಾರೆ. ಟಿಕೆಟ್ 100 ರೂಪಾಯಿ, ಮಧ್ಯೆ ಟೀ ಅವರದೇ. ದುಡ್ಡಿಗೆ ಮೋಸ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಕರಾರು ಬಾಗಿಲಲ್ಲಿ ಕೈಗೆ ಕೊಡುವ ಚೀಟಿಯ ಮೇಲೆ. ಅದರಲ್ಲಿ ಇರಾನಿನ ಅತ್ಯುತ್ತಮ ಚಿತ್ರಗಳು ಅಂತ ನಂಬರ್ ಹಾಕಿ ಕೊಟ್ಟಿದ್ದಾರೆ. ಯಾವುದಕ್ಕೆ ದೊಡ್ಡ ಪ್ರಶಸ್ತಿ ಬಂದಿದೆಯೋ ಅದು ಮೇಲೆ, ಬರದೇ ಇದ್ದದ್ದು ಕೆಳಗೆ. ಹಾಗೆ ರ‍್ಯಾಂಕ್ ಕೊಡೋಕೆ ಸಿನಿಮಾ ನೋಡಲೇಬೇಕು ಅಂತಿಲ್ಲ, ಅಲ್ವಾ?

ಅವರ ನಂಬರ್ ಒಂದು ಕಿಯಾರೊಸ್ತಮಿಯ 'ಟೇಸ್ಟ್ ಆಫ್ ಚೆರ್ರಿ'. 1997ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೆದ್ದದ್ದು. ಸಾಯಲು ಹೊರಟವನೊಬ್ಬ ಟೆಹ್ರಾನ್ ಹೊರಗಿನ ಮಣ್ಣುಗುಡ್ಡಗಳಲ್ಲಿ ಕಾರು ಓಡಿಸುತ್ತಾ, ತಾನು ಸತ್ತಮೇಲೆ ಮಣ್ಣು ಹಾಕುವವರನ್ನು ಹುಡುಕುತ್ತಾನೆ. ಹಿಪ್ಪುನೇರಳೆ ಹಣ್ಣಿನ ರುಚಿ ತನ್ನನ್ನು ಹೇಗೆ ಉಳಿಸಿತು ಅಂತ ಮುದುಕನೊಬ್ಬ ಹೇಳುವ ಜಾಗ ಚೆನ್ನಾಗಿದೆ. ಉಳಿದಂತೆ ಹಾಲ್‌ನಲ್ಲಿ ಅರ್ಧ ಜನ ತೂಕಡಿಸಿದರು, ಕೊನೆಯಲ್ಲಿ "ಮುಗೀತಾ?" ಅಂತ ಒಬ್ಬರು ಜೋರಾಗಿಯೇ ಕೇಳಿದರು. ಅದೇ ನಿರ್ದೇಶಕರ 'ಕ್ಲೋಸ್-ಅಪ್' (1990) ಇದಕ್ಕಿಂತ ಎಷ್ಟೋ ಮೇಲು. ಬಡವನೊಬ್ಬ ನಾನೇ ನಿರ್ದೇಶಕ ಮಖ್ಮಲ್‌ಬಾಫ್ ಅಂತ ಸುಳ್ಳು ಹೇಳಿ ಒಂದು ಮನೆಗೆ ಹೊಕ್ಕು ಸಿಕ್ಕಿಬೀಳುತ್ತಾನೆ. ನಿಜವಾಗಿ ನಡೆದ ಸಂಗತಿ. ಮೋಸ ಮಾಡಿದವನೂ ಮೋಸ ಹೋದ ಮನೆಯವರೂ ತಮ್ಮ ಪಾತ್ರ ತಾವೇ ಮಾಡಿದ್ದಾರೆ!

ನನ್ನ ಲೆಕ್ಕದಲ್ಲಿ ಮೊದಲನೆಯದು ಬಹ್ರಾಮ್ ಬೇಝಾಯಿಯ 'ಬಾಶು'. ಚೀಟಿಯಲ್ಲಿ ಅದು ಕಟ್ಟಕಡೆಗೆ. ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡ ಹುಡುಗ ದಕ್ಷಿಣದ ಖುಝೆಸ್ತಾನದಿಂದ ಲಾರಿಯಲ್ಲಿ ಅಡಗಿಕೊಂಡು ಹೊರಟು, ದೇಶದ ಇನ್ನೊಂದು ತುದಿಗೆ, ಭತ್ತದ ಗದ್ದೆಗಳ ಗಿಲಾನ್‌ಗೆ ಬಂದು ಇಳಿಯುತ್ತಾನೆ. ಗದ್ದೆ ಮಧ್ಯೆ ಬಗ್ಗಿದ್ದ ಹೆಂಗಸು ತಟ್ಟನೆ ಎದ್ದು ತೆರೆಯೊಳಗೆ ಬರುತ್ತಾಳೆ, ಬಿಳಿ ಬಟ್ಟೆಯಲ್ಲಿ ಮುಖ ಮುಚ್ಚಿದೆ, ಕಣ್ಣು ಮಾತ್ರ ಕಾಣುತ್ತದೆ. ಸೂಸನ್ ತಸ್ಲಿಮಿಯ ಆ ಕಣ್ಣು ನೋಡಿದ ಮೇಲೆ ಬೇರೆ ನಟಿಯನ್ನು ಆ ಪಾತ್ರದಲ್ಲಿ ಊಹಿಸೋಕೇ ಆಗಲ್ಲ. ಹುಡುಗನ ಮಾತು ಅರೇಬಿಕ್, ಅವಳದು ಗಿಲಕಿ, ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯಲ್ಲ. ಫಾರ್ಸಿ ಮಾತಾಡುವ ಟೆಹ್ರಾನ್‌ನಲ್ಲಿ ಕೂತು ನೋಡಿದವರಿಗೂ ಎಷ್ಟೋ ಮಾತು ತಿಳಿದಿರಲಿಕ್ಕಿಲ್ಲ, ಹಾಗಾಗಿ ಹಾಸನದವರಿಗೆ ಜಾಸ್ತಿ ನಷ್ಟವೇನಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಓದಲು ಬಾರದ ನಮ್ಮ ಚಿಕ್ಕಮ್ಮ ಒಂದು ಸಲವೂ "ಏನಂದ ಅವನು?" ಅಂತ ಕೇಳಲಿಲ್ಲ.

ಎರಡನೆಯದು ದಾರಿಯೂಶ್ ಮೆಹ್ರ್‌ಜುಯಿಯ 'ದಿ ಕೌ' (1969). ಊರಿಗೆ ಇರುವುದು ಒಂದೇ ಹಸು. ಯಜಮಾನ ಊರಲ್ಲಿಲ್ಲದಾಗ ಅದು ಸಾಯುತ್ತದೆ, ಊರವರು ಹೂತುಹಾಕಿ, ಅವನು ಬಂದಾಗ ಓಡಿಹೋಯಿತು ಅನ್ನುತ್ತಾರೆ. ಅವನು ನಂಬುವುದಿಲ್ಲ. ಕೊನೆಗೆ ತಾನೇ ಹಸು ಅಂದುಕೊಂಡು ಕೊಟ್ಟಿಗೆಯಲ್ಲಿ ಹುಲ್ಲು ತಿನ್ನುತ್ತಾನೆ. ಇರಾನನ್ನು ಆಳುತ್ತಿದ್ದ ದೊರೆ ಶಾ ಕಾಲದಲ್ಲಿ ಸರ್ಕಾರದ ದುಡ್ಡಲ್ಲೇ ತೆಗೆದ ಸಿನಿಮಾ, ಆಮೇಲೆ ಬಡತನ ತೋರಿಸಿದೆ ಅಂತ ಸರ್ಕಾರವೇ ಅಡ್ಡಹಾಕಿತು. 1971ರಲ್ಲಿ ಕದ್ದು ಸಾಗಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದಿರಲಿ. ನನ್ನ ಪಕ್ಕ ಆಲೂರು ಕಡೆಯವರೊಬ್ಬರು ಕೂತಿದ್ದರು, ಹಸು ಸಾಕಿದವರು, ಸಂಜೆ ಡೈರಿಗೆ ಹಾಲು ಹಾಕಿಯೇ ಬಂದಿದ್ದರಂತೆ. ಊರವರು ಸುಳ್ಳು ಹೇಳುವಾಗ ಅವರು ಸುಮ್ನೆ ಕೂರಲಾಗದೆ "ಹೇಳ್ಬಿಡ್ರೋ, ಹೇಳ್ಬಿಡ್ರೋ ಅವನಿಗೆ" ಅಂತ ಗೊಣಗುತ್ತಲೇ ಇದ್ದರು. ವೆನಿಸ್‌ನ ವಿಮರ್ಶಕರ ಪ್ರಶಸ್ತಿಗಿಂತ ನನಗೆ ಈ ಗೊಣಗಾಟವೇ ದೊಡ್ಡದು.

ಫರ್ಹಾದಿಯ 'ಎ ಸೆಪರೇಷನ್' (2011) ಮೂರನೆಯದು. ಆಸ್ಕರ್ ಬಂದದ್ದಕ್ಕಲ್ಲ. ಗಂಡ-ಹೆಂಡತಿ ನೇರ ನಮ್ಮ ಕಡೆ ನೋಡುತ್ತಾ ವಾದ ಮಾಡುವ ಮೊದಲ ದೃಶ್ಯದಲ್ಲಿ ಜಡ್ಜ್ ಮುಖವೇ ಕಾಣಲ್ಲ, ನಾವೇ ಜಡ್ಜ್. ಸಿನಿಮಾ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಜನ ಅದೇ ಕೆಲಸ ಮಾಡಿದರು. ತಪ್ಪು ಯಾರದು ಅಂತ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ಕಡೇ ಬಸ್ ತಪ್ಪುವವರೆಗೂ. ಆದರೆ ಇದು ಪೂರ್ತಿ ಮಾತಿನ ಸಿನಿಮಾ, ಸಬ್‌ಟೈಟಲ್ ತಪ್ಪಿದರೆ ಕಥೆಯೂ ತಪ್ಪಿತು. ಚಿಕ್ಕಮ್ಮ ಅರ್ಧಕ್ಕೇ ಎದ್ದು ಹೊರಗೆ ಹೋದರು.

ಮಜೀದಿಯ 'ಚಿಲ್ಡ್ರನ್ ಆಫ್ ಹೆವನ್' ಬಗ್ಗೆ ಹೊಸದಾಗಿ ಹೇಳುವುದೇನಿದೆ, ಎಲ್ಲರೂ ನೋಡಿರುತ್ತೀರಿ. ಅಣ್ಣ ಆಲೂಗಡ್ಡೆ ಆರಿಸುವಾಗ ತಂಗಿಯ ಶೂ ಕಳೆದುಹೋಗುತ್ತದೆ ಅಂದಾಗ ನಮ್ಮೂರವರು ಯಾಕೋ ನಕ್ಕರು. ಚೆಂದದ ಸಿನಿಮಾ, ಸ್ವಲ್ಪ ಜಾಸ್ತಿಯೇ ಚೆಂದ.

ನಡೆಸುವವರಿಗೆ ಎರಡು ಮಾತು. ಸಿನಿಮಾಕ್ಕೆ ಮೊದಲು ಒಬ್ಬರು ಮೈಕ್ ಹಿಡಿದು ಕೊನೆಯವರೆಗೂ ಕಥೆ ಹೇಳಿಬಿಡುತ್ತಾರೆ, ದಯವಿಟ್ಟು ನಿಲ್ಲಿಸಿ. ಇನ್ನೊಂದು, ಹೆಂಗಸರು ತೆಗೆದ ಒಂದು ಸಿನಿಮಾವೂ ನಿಮ್ಮ ಚೀಟಿಯಲ್ಲಿಲ್ಲ. ಕವಯಿತ್ರಿ ಫರೂಗ್ ಫರೂಖ್‌ಜಾದ್ ಕುಷ್ಠರೋಗಿಗಳ ನಡುವೆ ತೆಗೆದ 'ದಿ ಹೌಸ್ ಈಸ್ ಬ್ಲ್ಯಾಕ್' ಸುಮಾರು 20 ನಿಮಿಷದ್ದು. ಟೀಗೆ ಮೊದಲು ಹಾಕಿದರೂ ಮುಗಿಯುತ್ತದೆ.

ಹೋಗುವವರು ಮೊದಲ ಮೂರು ಸಾಲಲ್ಲೇ ಕೂತ್ಕೊಳ್ಳಿ. ಹಿಂದೆ ಅಕ್ಷರ ಕಾಣಲ್ಲ, ಫ್ಯಾನೂ ಇಲ್ಲ.